ಡಿಸೆಂಬರ್‌ವರೆಗೆ ಬದುಕಿದ್ದ ಹುಡುಗಿ

"ಮನೇಲಿ ಒಂದ್ ನರಪಿಳ್ಳೆ ಇಲ್ದೋಳು ಅದೆಂಗಮ್ಮಿ ಮನೆ ಯಜಮಾನಿ ಆದೆ? ಬೆಕ್ಕಿಗೋ, ನಾಯಿಗೋ?"

ಸಂಬಳದ ಆಫೀಸಿನ ಡಾರ್ಲಾ ಮೇಡಂ ಹೀಗಂದದ್ದಕ್ಕೆ ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ರಸ್ಕಿನ್ ಕಿಸಕ್ಕೆಂದ. ಕಾರ್ಖಾನೆಯಲ್ಲಿ ಕೋಳಿ ಕೊಯ್ಯುವ ಸಾಲಿನಿಂದ ವರ್ನೀಸಳನ್ನು ಆಳು ಕಳಿಸಿ ಕರೆಸಿದ್ದರು. ಅವಳ ಏಪ್ರನ್ನಿನಿಂದ ಕೋಳಿಯ ನೀರು ಆಫೀಸಿನ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಗಂಡನಿಲ್ಲದ ಹೆಂಗಸು ಮಗು ಸಾಕುತ್ತಿದ್ದರೆ ತೆರಿಗೆ ಕಾಗದದಲ್ಲಿ ಅವಳೇ ಮನೆ ಯಜಮಾನಿ. ಸಂಬಳದಲ್ಲಿ ಸರ್ಕಾರ ಹಿಡಿಯುವುದು ಕಮ್ಮಿ, ಕೈಗೆ ಬರುವುದು ಜಾಸ್ತಿ. ಆ ಜಾಸ್ತಿಯಲ್ಲೇ ಟ್ರೇಲರ್ ಮನೆಯ ಬಾಡಿಗೆ ನಡೆಯುತ್ತಿತ್ತು, ಮಗಳು ಜೂನೆಲ್‌ಳ ಉಬ್ಬಸದ ಪಂಪು ಬರುತ್ತಿತ್ತು. ಶುಕ್ರವಾರ ಸಂಬಳದ ಚೀಟಿ ಬಂದರೆ ತಾಯಿ ಮಗಳು ಮೇಜಿನ ಮೇಲೆ ಲೆಕ್ಕಕ್ಕೆ ಅಲಸಂದೆ ಕಾಳು ಸುರಿದುಕೊಂಡು ಕೂರುತ್ತಿದ್ದರು. ಇಷ್ಟು ಸರ್ಕಾರಕ್ಕೆ, ಇಷ್ಟು ಬಾಡಿಗೆಗೆ, ಇಷ್ಟು ನಮಗೆ.

"ಸರ್ಕಾರ ಬಲೇ ತಿಂತದೆ ಕಣವ್ವಾ," ಅಂತ ಜೂನೆಲ್ ಅದರ ಗುಡ್ಡೆಯಿಂದ ಒಂದು ಕಾಳು ಕದ್ದು ತಮ್ಮ ಗುಡ್ಡೆಗೆ ಹಾಕುತ್ತಿದ್ದಳು.

ಹೋದ ಅಕ್ಟೋಬರಿನಲ್ಲಿ ಸ್ಕೂಲಿನಲ್ಲೇ ಅವಳಿಗೆ ಉಸಿರು ಕಟ್ಟಿ ಜೀವ ಹೋಯಿತು.

ಮೊನ್ನೆ, ತೆರಿಗೆ ಕಾಗದ ಬರೆಯುವ ಮುದುಕ ತಲೆ ಎತ್ತದೆ ಹೇಳಿದ್ದ: "ವರ್ಷದ ನಡುವೆ ಹೋದ ಮಗು ವರ್ಷ ಪೂರ್ತಿ ನಿನ್ ಮನೇಲೇ ಇತ್ತು ಅಂತ ಲೆಕ್ಕ ತಾಯಿ." ವರ್ನೀಸ್ ಹೊರಗೆ ಬಂದು ಹಳೇ ಕಾರಿನಲ್ಲಿ ಕೂತು ಅತ್ತಿದ್ದಳು. ಸರ್ಕಾರವಾದರೂ ಮಗಳನ್ನು ಡಿಸೆಂಬರ್‌ವರೆಗೆ ಬದುಕಿಸಿತಲ್ಲ ಅಂತ. ಹೊಸ ವರ್ಷಕ್ಕೆ ಕಂಪನಿಯಲ್ಲಿನ ಕಾಗದ ಬದಲಿಸಬೇಕೆಂಬುದು ಅವಳ ತಲೆಗೇ ಬರಲಿಲ್ಲ.

"ಹೋದ್ ವರ್ಷ ಹೋಯ್ತು. ಈಗ ಒಂಟಿ ಅಂತ ಗುರುತಾಕು," ಡಾರ್ಲಾ ಪೆನ್ನು ತಳ್ಳಿದಳು. "ಇಲ್ದಿದ್ರೆ ವರ್ಷದ ಕೊನೇಲಿ ತೆರಿಗೆ ನೀನೇ ಕಕ್ಕಬೇಕು."

ವರ್ನೀಸಳ ಬಲಗೈ ಬೆರಳುಗಳು ಚಾಕುವಿನ ಹಿಡಿ ಹಿಡಿದಂತೆ ಮಡಿಚಿಕೊಂಡೇ ಇದ್ದವು. ಎಡಗೈಯಿಂದ ಬಿಡಿಸಿ ಪೆನ್ನು ಹಿಡಿದಳು.

"ಅವತ್ತು ಸ್ಕೂಲಿಂದ ಫೋನು ಬಂದಿದ್ದು ಈ ಮೇಜಿಗೇ ಅಲ್ವರಾ, ಮೇಡಂ? ನನ್ನ ಯಾಕ್ ಕರೀಲಿಲ್ಲ?"

ಡಾರ್ಲಾ ಕಿಟಕಿ ಕಡೆ ನೋಡಿದಳು.

"ಸಾಲು ಓಡ್ತಿರೋವಾಗ ಯಾರ್ನೂ ಕರೆಯಂಗಿಲ್ಲ, ಅದು ರೂಲು," ಅಂದ ರಸ್ಕಿನ್. "ಬರ್ದು ನಡಿಯೇ ಮುಂಡೆ, ಅಲ್ಲಿ ಕೋಳಿ ಗುಡ್ಡೆ ಬಿದ್ದದೆ."

"ಇವತ್ತೂ ಓಡ್ತಾನೇ ಅದಲ್ಲಪ್ಪ. ಇದಕ್ ಹೆಂಗ್ ಕರ್ದೆ?"

ಅವನು ಬಾಯಿ ತೆರೆಯುವುದರೊಳಗೆ ಅವಳು ಬಗ್ಗಿದಳು. ಯಜಮಾನಿಯನ್ನು ಬಿಟ್ಟು ಒಂಟಿಯ ಎದುರು ಗುರುತು ಹಾಕಿದಳು. ಕಾಗದದ ಮೇಲೆ ಒಂದು ಹನಿ ಕೋಳಿ ನೀರು ಬಿತ್ತು. ಒರೆಸಲಿಲ್ಲ.

ಸಾಲಿಗೆ ವಾಪಸು ಬಂದಳು. ಗೋಡೆಯುದ್ದಕ್ಕೂ ಸಾಲು ನಿಲ್ಲಿಸುವ ಕೆಂಪು ಹಗ್ಗ. ಯಂತ್ರಕ್ಕೆ ಕೈ ಸಿಕ್ಕಿಕೊಂಡರೆ ಮಾತ್ರ ಎಳೆಯಬೇಕು, ಸುಮ್ಮನೆ ಎಳೆದರೆ ಕೆಲಸ ಹೋಯಿತು. ವರ್ನೀಸ್ ಎರಡೂ ಕೈಯಿಂದ ಎಳೆದಳು.

ಕಾರ್ಖಾನೆ ಉಸಿರು ಬಿಟ್ಟಂತೆ ನಿಂತಿತು. ರಸ್ಕಿನ್ ಜಾರುತ್ತ ಓಡಿ ಬಂದ.

"ಯಾರ್ದೇ ಸಿಕ್ಕೊಂಡಿದ್ದು? ಕೈಯೋ, ಬೆರಳೋ? ಬೊಗಳ್ರೇ ಲೌಡಿಗಳಾ!"

ವರ್ನೀಸ್ ಹಗ್ಗ ಬಿಡಲಿಲ್ಲ. ಪಕ್ಕದಲ್ಲಿದ್ದ ಮುದುಕಿ ಹ್ಯಾಟಿ ಚಾಕು ಕೆಳಗಿಟ್ಟು ಕೈಗವಸು ಕಳಚಿದಳು.

"ಉಸಿರು ಸಿಕ್ಕೊಂಡು ಮಗು ಸತ್ತೇ ಓಯ್ತು ಕಣಪ್ಪ," ಅಂದಳು. "ಈಗ ಬಂದ್ಯಾ?"

ಸಾಲಿನುದ್ದಕ್ಕೂ ಒಂದೊಂದೇ ಚಾಕು ಕೆಳಗಿಡುವ ಸದ್ದು. ಮೇಲೆ ಕೊಂಡಿಗಳಲ್ಲಿ ತಲೆಯಿಲ್ಲದ ಕೋಳಿಗಳು ಇನ್ನೂ ತೂಗಾಡುತ್ತಿದ್ದವು.