ಕಾಲರ್ ಆಗಿಹೋದ ಶಾಲೆಯ ವರದಿ

ಶಾಲೆಯಿಂದ ಬಂದ ಕಾಗದ ನಮ್ಮ ಮನೆಗಳಲ್ಲಿ ಎಲ್ಲಿಗೆ ಹೋಗುತ್ತದೆ? ಕೆಲವರ ಮನೆಯಲ್ಲಿ ಡಬ್ಬಿಯ ತಳಕ್ಕೆ, ಕೆಲವರ ಮನೆಯಲ್ಲಿ ಕಪಾಟಿನೊಳಗೆ ಹಾಸುವುದಕ್ಕೆ. ಒಬ್ಬ ಟೈಲರ್ ಮನೆಯಲ್ಲಿ ಅದು ಕಾಲರ್ ಆಯಿತು. ಕಾಗದ ದಪ್ಪಗಿತ್ತು, ಪಾಪ, ಅವನ ಕೈ ಸುಮ್ಮನಿರಲಿಲ್ಲ. ಬಟ್ಟೆ ಮೇಲಿಟ್ಟು ಗುರುತು ಹಾಕಲು ಕಾಲರಿನ ಅಳತೆಗೆ ಕತ್ತರಿಸಿ ಮೊಳೆಗೆ ನೇತುಹಾಕಿದ.

ಗುಂಡಿ ಹಾಕಿಸಲು ಬಂದ ಪಕ್ಕದ ಮನೆಯ ನರ್ಸಕ್ಕ ಅದನ್ನು ನೋಡಿ ಹಣೆ ಚಚ್ಚಿಕೊಂಡಳು.

"ಅಯ್ಯೋ, ಇದು ಸ್ಕೂಲಿನ ವರ್ಷದ ವರದಿ ಅಲ್ವೇನಪ್ಪಾ? ಮಕ್ಕಳಿಗೆ ಏನೇನು ಕಲಿಸಿದ್ರು, ಮುಂದೆ ಏನು ಕಲಿಸ್ತಾರೆ, ಎಲ್ಲಾ ಇದರಲ್ಲಿತ್ತು. ಅದರ ಕುತ್ತಿಗೇನೇ ಕತ್ತರಿಸಿಬಿಟ್ಯಲ್ಲ!"

"ಓದಿದ್ರೂ ನಂಗೇನು ಅರ್ಥ ಆಗ್ತಿತ್ತಕ್ಕಾ? ಪಠ್ಯಕ್ರಮ, ಪ್ರಗತಿ, ಅದೆಲ್ಲ ಟೀಚರುಗಳ ಮಾತು."

"ನಾಳೆ ಸಂಜೆ ಸಭೆ ಇದೆ. ಬಿಡಿಸಿ ಹೇಳ್ತಾರೆ, ಬಾ."

"ಕಲಿಸೋರು ಅವರು, ಕಲಿಯೋಳು ನಮ್ಮ ಗುಬ್ಬಿ. ಮಧ್ಯೆ ನಾನು ಹೋಗಿ ಏನು ಮಾಡ್ಲಿ, ಸೂಜಿಗೆ ದಾರ ಪೋಣಿಸ್ಲಾ?"

ಒಳಗಿನಿಂದ ಹೆಂಡತಿಯ ದನಿ ಬಂತು. "ಬಿಡಕ್ಕಾ, ಇವರಿಗೆ ಹೇಳೋದೂ ಒಂದೇ, ಗೋರ್ಕಲ್ಲ ಮೇಲೆ ಮಳೆ ಸುರಿಯೋದೂ ಒಂದೇ."

ನರ್ಸಕ್ಕ ಬಿಡಲಿಲ್ಲ. "ಟ್ರಯಲ್ ನೋಡದೆ ಬಟ್ಟೆ ಒಯ್ದು, ಆಮೇಲೆ ಕಂಕುಳಲ್ಲಿ ಬಿಗಿ ಅಂತ ಬರೋರಿಗೆ ನೀನು ಏನಂತೀಯ?"

"ಆಗಲೇ ಹೇಳಬಾರದಿತ್ತಾ ಅಂತೀನಿ."

"ಈ ಸಭೆ ಟ್ರಯಲ್ಲೇ ಕಣಪ್ಪ. ಗಟ್ಟಿಯಾಗಿ ಕಥೆ ಓದಿಸೋ ತರಗತಿ ತೆಗೆದು, ಆ ಹೊತ್ತನ್ನ ಕಂಪ್ಯೂಟರಿಗೆ ಕೊಡ್ತಾರಂತೆ."

ಮೆಷಿನ್ ತುಳಿಯುತ್ತಿದ್ದ ಟೈಲರ್ ಕಾಲು ಹಾಗೇ ನಿಂತಿತು.

ಅವನ ಮಗಳು ಗುಬ್ಬಿಗೆ ಮಾತು ತೊದಲುತ್ತಿತ್ತು. ಅಂಗಡಿಗೆ ಹೋದರೆ ಬೇಕಾದದ್ದನ್ನು ಬೆರಳಲ್ಲೇ ತೋರಿಸುತ್ತಿದ್ದಳು. ಆದರೆ ಆ ತರಗತಿ ಶುರುವಾದ ಮೇಲೆ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಕೂತು ಅಪ್ಪನಿಗೆ ಕಥೆ ಓದುತ್ತಾಳೆ. ಓದುವಾಗ ನಾಲಿಗೆ ಅಷ್ಟಾಗಿ ಎಡವುವುದಿಲ್ಲ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಮರುದಿನ ಸಂಜೆ ಶಾಲೆಯ ಸಭೆಯಲ್ಲಿ ಕೊನೆಯ ಬೆಂಚಿನಲ್ಲಿ ಮಂಡಿ ಮಡಚಿ ಕೂತ. ಮುಖ್ಯೋಪಾಧ್ಯಾಯಿನಿ ಎಲ್ಲ ವಿವರಿಸಿ, "ಯಾರಾದ್ರೂ ಏನಾದ್ರೂ ಹೇಳ್ತೀರಾ?" ಎಂದರು. ಪಕ್ಕದಲ್ಲಿ ಕೂತಿದ್ದ ನರ್ಸಕ್ಕ ಟೈಲರನ್ನು ಮೊಣಕೈಯಲ್ಲಿ ತಿವಿದಳು.

ಟೈಲರ್ ಎದ್ದ. "ಮೇ... ಮೇಡಂ," ಎಂದ. ನಾಲಿಗೆ ಅಂಟಿಕೊಂಡಿತು. ಗುಬ್ಬಿಗೆ ದಿನವೂ ಹೀಗೇ ಆಗುತ್ತದೆಯಲ್ಲ ಎಂದು ಹೊಳೆಯಿತು. ಅದೇ ಅವನಿಗೆ ಮಾತು ಕೊಟ್ಟಿತು. ಮೇಜಿನ ಕೆಳಗಿನ ಕಥೆಗಳನ್ನೆಲ್ಲ ಹೇಳಿದ.

"ನಮ್ಮವನೂ ಅಷ್ಟೇ, ಅಜ್ಜಿಗೆ ಓದಿ ಹೇಳ್ತಾನೆ," ಎಂದಳು ಒಬ್ಬ ತಾಯಿ.

"ಇದಕ್ಕೆ ಪರೀಕ್ಷೆ ಇಲ್ಲ ನೋಡಿ, ಹಾಗಾಗಿ ಫಲ ನಮಗೆ ಕಾಣ್ಲಿಲ್ಲ. ಹೇಳಿದ್ದು ಒಳ್ಳೇದಾಯ್ತು," ಎಂದರು ಮುಖ್ಯೋಪಾಧ್ಯಾಯಿನಿ. ಟೀಚರುಗಳೆಲ್ಲ ಕೂತು ವೇಳಾಪಟ್ಟಿ ತಿದ್ದಿದರು. ಕಂಪ್ಯೂಟರ್ ಒಂದು ದಿನ, ಕಥೆ ಒಂದು ದಿನ.

ಮುಂದಿನ ವರ್ಷದ ವರದಿಯನ್ನು ಗುಬ್ಬಿಯೇ ತಂದಳು. "ಅ... ಅಪ್ಪಾ, ಮೊದ್ಲು ಕತ್ತರಿ ಕೆಳಗಿಡು," ಎಂದಳು. ಅವನು ಇಟ್ಟ. ಅವಳು ಓದಿದಳು.

ನಿಮ್ಮ ಮಗುವಿನ ಶಾಲೆಯೂ ನಿಮ್ಮನ್ನು ಕರೆಯುತ್ತದೆ. ದಯವಿಟ್ಟು ಹೋಗಿ. ಅರ್ಥವಾಗದ್ದನ್ನು ಕೇಳಿ, ಮನೆಯಲ್ಲಿ ಕಂಡದ್ದನ್ನು ಹೇಳಿ. ನಾಲಿಗೆ ತೊದಲಿದರೆ ತೊದಲಲಿ. ನಿಮ್ಮ ಮಗುವಿನ ಬಗ್ಗೆ ನಿಮಗಷ್ಟೇ ಗೊತ್ತಿರುವ ಮಾತೊಂದು ಇದ್ದೇ ಇರುತ್ತದೆ.