ವರ್ನಾ ಅತ್ತೆ ಮಾಡಿದ್ದು

ಅಮ್ಮ ತೀರಿಕೊಂಡದ್ದು ನವೆಂಬರಿನಲ್ಲಿ. ಆಗ ನನಗೆ ಎಂಟು ವರ್ಷ. ಅಯೋವಾದ ನಮ್ಮ ಊರಿನಲ್ಲಿ ಅರ್ಧಕ್ಕರ್ಧ ಗಂಡಸರು ನದಿ ದಂಡೆಯ ಕಸಾಯಿಖಾನೆಯಲ್ಲಿ ದುಡಿಯುತ್ತಿದ್ದರು, ನನ್ನಪ್ಪ ಎಲ್ವುಡ್ ಕೂಡ. ಬಾಗಿಲು ದಾಟಬೇಕಾದರೆ ತಲೆ ತಗ್ಗಿಸಬೇಕಾದಷ್ಟು ಎತ್ತರದ ಆಳು. ಮಾತು ಕಡಿಮೆ. ಅಮ್ಮ ಹೋದ ಮೇಲೆ ಅದೂ ಇಲ್ಲ.

ಫೆಬ್ರವರಿ ಮೊದಲ ವಾರ ನಮ್ಮ ಟೀಚರ್ ತರಗತಿಯ ಮಕ್ಕಳ ಹೆಸರಿನ ಪಟ್ಟಿ ಕೊಟ್ಟು ಕಳಿಸಿದರು. ವ್ಯಾಲೆಂಟೈನ್ ದಿನಕ್ಕೆ ಪ್ರತಿಯೊಬ್ಬರೂ ಉಳಿದವರಿಗೆಲ್ಲ ಒಂದೊಂದು ಕಾರ್ಡು ಕೊಡಬೇಕು, ಯಾರನ್ನೂ ಬಿಡುವಂತಿಲ್ಲ. ಹಿಂದಿನ ವರ್ಷ ಅಮ್ಮ ಅಂಗಡಿಯಿಂದ ಕಾರ್ಡುಗಳ ಎರಡು ಡಬ್ಬಿ ತಂದಿದ್ದಳು. ಹುಡುಗರಿಗೆ ರಾಕೆಟ್ಟು, ಕುದುರೆ ಸವಾರರು. ಹುಡುಗಿಯರಿಗೆ ಬೆಕ್ಕಿನ ಮರಿ, ಗುಲಾಬಿ. ಕೈತಪ್ಪಿ ಹುಡುಗನೊಬ್ಬನಿಗೆ ಬೆಕ್ಕಿನ ಮರಿ ಹೋಯಿತೋ, ವಾರವಿಡೀ ಅವನ ಮಾನ ಉಳಿಯುತ್ತಿರಲಿಲ್ಲ.

ಅಪ್ಪನ ಅಕ್ಕ ವರ್ನಾ ಅತ್ತೆ ನಮಗೆ ಊಟ ತಂದುಕೊಡಲು ಬಂದಿದ್ದಳು. "ಆ ಪಟ್ಟಿ ಇಲ್ಲಿ ಕೊಡೋ. ಇದು ಗಂಡಸರಿಗೆ ಬಗೆಹರಿಯೋ ಕೆಲಸ ಅಲ್ಲ" ಎಂದು ಅಪ್ಪನಿಗೆ ಹೇಳಿದಳು.

"ಇರಲಿ ಬಿಡಕ್ಕ, ನಾನೇ ನೋಡ್ಕೋತೀನಿ" ಎಂದ ಅಪ್ಪ.

ಮಾರನೆಯ ಸಂಜೆ ಅಪ್ಪ ಕೆಂಪು ಕಾಗದ ತಂದು, ಅಮ್ಮನ ಹೊಲಿಗೆಯ ಕತ್ತರಿ ಹಿಡಿದು ಅಡುಗೆಮನೆಯ ಮೇಜಿಗೆ ಕೂತ. ಕಾಗದವನ್ನು ನಾಲ್ಕು ಮಡಿಕೆ ಮಡಿಚಿ, ಕತ್ತರಿ ಹಿಡಿದ ಕೈ ತಿರುಗಿಸದೆ ಕಾಗದವನ್ನೇ ತಿರುಗಿಸುತ್ತ ಕತ್ತರಿಸಿದ. ಬಿಚ್ಚಿದರೆ ಹೃದಯದೊಳಗೆ ಎರಡು ಹಕ್ಕಿ, ಸುತ್ತ ಕಸೂತಿಯಂಥ ಅಂಚು.

"ಅಪ್ಪಾ, ಇದೆಲ್ಲ ಎಲ್ಲಿ ಕಲಿತೆ?"

"ಎಲ್ಲೋ. ಮುಂದಿನ ಹೆಸರು ಹೇಳು. ಅವನಿಗೇನಿಷ್ಟ?"

ಹತ್ತು ಸಂಜೆ ಹಾಗೇ ಕಳೆಯಿತು. ಮೀನಿನ ಹುಚ್ಚಿನವನಿಗೆ ಮೀನು, ಕನ್ನಡಕದ ಹುಡುಗಿಗೆ ಗೂಬೆ. ಯಾರೂ ಸೇರಿಸಿಕೊಳ್ಳದ ದಪ್ಪ ಹುಡುಗ ಲೈಲ್‌ಗೆ ಅಪ್ಪ ಎಲ್ಲರಿಗಿಂತ ಹೆಚ್ಚು ಹೊತ್ತು ಕೂತು ಹಡಗೊಂದನ್ನು ಕತ್ತರಿಸಿದ. ಅಮ್ಮ ಹೋದ ಮೇಲೆ ಅಪ್ಪ ನಕ್ಕದ್ದನ್ನು ನಾನು ಕಂಡದ್ದು ಆ ಹತ್ತು ದಿನ.

ಹದಿನಾಲ್ಕನೇ ತಾರೀಕು ತರಗತಿಯಲ್ಲಿ ನನ್ನ ಕಾರ್ಡುಗಳ ಸುತ್ತ ಗುಂಪು ಕೂಡಿತು.

"ಯಾರೇ ಮಾಡಿದ್ದು ಇದು? ನಿಮ್ಮಮ್ಮ ಸತ್ತೋಗಿದಾಳಲ್ವಾ?" ಎಂದಳು ರೋಂಡಾ.

"ಇವಳಪ್ಪಾನೇ ಇರ್ಬೇಕು ಕಣೋ!" ಎಂದ ಡ್ವೇನ್. "ಹಂದಿ ಕೊಯ್ಯೋನು ಮನೇಲಿ ಹೂವು ಕೊಯ್ತಾನೆ! ನಿಮ್ಮಮ್ಮನ ಫ್ರಾಕೂ ಹಾಕ್ಕೋತಾನೇನೇ?"

ಎಲ್ಲರೂ ಘೊಳ್ಳೆಂದು ನಕ್ಕರು. ಲೈಲ್ ಕೂಡ ನಕ್ಕ. ನನ್ನ ಕಿವಿ ಕಾದುಹೋಯಿತು.

"ಅಪ್ಪ ಅಲ್ಲ! ಅಪ್ಪನಿಗೆ ಇಂಥದ್ದೆಲ್ಲ ಬರಲ್ಲ. ವರ್ನಾ ಅತ್ತೆ ಮಾಡಿದ್ದು" ಎಂದು ಕಿರುಚಿದೆ.

ತಿರುಗಿದರೆ ಬಾಗಿಲಲ್ಲಿ ಅಪ್ಪ. ಆ ದಿನ ತರಗತಿಯಲ್ಲಿ ನಡೆಯುವ ಪಾರ್ಟಿಗೆ ತಿಂಡಿ ತರುವುದು ತಾಯಂದಿರ ರೂಢಿ. ನನಗೆ ಯಾರೂ ಬರುವುದಿಲ್ಲವೆಂದು ಅವನು ಅರ್ಧ ದಿನ ರಜೆ ಹಾಕಿ, ತಲೆ ಬಾಚಿಕೊಂಡು, ಬೇಕರಿಯ ಬಿಸ್ಕತ್ತಿನ ಡಬ್ಬಿ ಹಿಡಿದು ಬಂದಿದ್ದ. ಅಷ್ಟೂ ಹೆಂಗಸರ ನಡುವೆ ಒಬ್ಬನೇ ಗಂಡಸು.

ರೋಂಡಾಳ ತಾಯಿ ಅವನ ಕಡೆ ತಿರುಗಿ ಅಂದಳು: "ವರ್ನಾ ಕೈಯಲ್ಲಿ ಎಂಥ ಕಲೆ ಇದೆ ಎಲ್ವುಡ್! ನಾನು ಮೆಚ್ಕೊಂಡೆ ಅಂತ ಹೇಳಿ."

ಅಪ್ಪ ನನ್ನತ್ತ ನೋಡಲಿಲ್ಲ. "ಹೇಳ್ತೀನಿ. ಅವಳಿಗೂ ಖುಷಿಯಾಗುತ್ತೆ" ಎಂದು ಡಬ್ಬಿಯನ್ನು ಮೇಜಿನ ಮೇಲಿಟ್ಟ.

ಮನೆಗೆ ಹೋಗುವಾಗ ಬೈದಿದ್ದರೆ ಚೆನ್ನಾಗಿತ್ತು. "ಚಳಿಯಾಗ್ತಿದ್ಯಾ?" ಎಂದಷ್ಟೇ ಕೇಳಿ ತನ್ನ ಕೋಟು ನನಗೆ ಹೊದಿಸಿದ. ಮರುವರ್ಷ ಅಂಗಡಿಯಿಂದ ಕಾರ್ಡುಗಳ ಎರಡು ಡಬ್ಬಿ ಬಂದವು. ಕ್ರಿಸ್‌ಮಸ್ಸಿಗೊಮ್ಮೆ ನಾನು ಕಾಗದ ಮುಂದೆ ಹಿಡಿದು, "ಒಂದು ನಕ್ಷತ್ರ ಮಾಡಿಕೊಡಪ್ಪಾ" ಎಂದೆ. "ಮರೆತು ಹೋಗಿದೆ ಮಗಳೇ" ಎಂದ. ಮತ್ತೆಂದೂ ಅವನು ಕಾಗದ ಕತ್ತರಿಸಿದ್ದನ್ನು ನಾನು ಕಾಣಲಿಲ್ಲ.

ತಪ್ಪು ಒಪ್ಪಿಕೊಳ್ಳಲು ನನಗೆ ಮೂವತ್ತೆಂಟು ವರ್ಷ ಬೇಕಾಯಿತು. ಅಪ್ಪ ಆಸ್ಪತ್ರೆಯಲ್ಲಿದ್ದ. ಶ್ವಾಸಕೋಶ ಕೈಕೊಟ್ಟಿತ್ತು. "ಅವತ್ತು ಶಾಲೇಲಿ ಅತ್ತೆ ಹೆಸರು ಹೇಳ್ಬಿಟ್ಟೆ, ಅಪ್ಪಾ..." ಎಂದು ಶುರು ಮಾಡಿದೆ.

ಅಪ್ಪ ಉಸಿರು ಹೊಂದಿಸಿಕೊಂಡು ಹೇಳಿದ:

"ನಾನೂ ಹಾಗೇ ಅಂತಿದ್ದೆ. ನಮ್ಮಜ್ಜಿ ಕಲಿಸಿದ್ದು. ನಮ್ಮಪ್ಪ ಕಾಗದದ ಚೂರು ಕಂಡು ಬೆಲ್ಟು ಬಿಚ್ಚಿದ್ರೆ, ವರ್ನಾ ಮಾಡಿದ್ದು ಅಂತಿದ್ದೆ. ಅವಳೂ ಹೌದು ಅಂದ್ಬಿಡೋಳು ಪಾಪ, ಹುಡುಗಿ ಮಾಡಿದ್ರೆ ಹೊಡೆತ ಇರ್ಲಿಲ್ಲ. ನಿನಗೆ ಹೊಡೆತ ಬೀಳಲಿಲ್ಲವಲ್ಲ, ಅಷ್ಟು ಸಾಕು" ಎಂದ.

ಅವತ್ತು ಶಾಲೆಯಲ್ಲಿ ಹೊಡೆತ ಬಿದ್ದದ್ದು ಅವನಿಗೇ ಎನ್ನುವ ಬದಲು, ಹೊದಿಕೆಯನ್ನು ಅವನ ಎದೆಯವರೆಗೆ ಎಳೆದೆ. ನರ್ಸ್ ಬಂದು ಆಮ್ಲಜನಕದ ನಳಿಕೆ ಸರಿಮಾಡಿದಳು. ಅಪ್ಪ ಕಿಟಕಿಯ ಕಡೆ ಮುಖ ಮಾಡಿ, ನದಿಯ ಮೇಲಿನ ಮಂಜುಗಡ್ಡೆ ಒಡೆಯಿತೇ ಎಂದು ಕೇಳಿದ. ಇನ್ನೂ ಇಲ್ಲ ಎಂದೆ. ಅದು ಒಡೆಯುವ ಮೊದಲೇ, ಆ ಗುರುವಾರ, ಅವನು ಹೋದ.