ಹಾರ ಹಾಕದ ರುಹೀನಾ

ಕಿವಿ ಮಂದವಾದ ಮೇಲೆ ರಹಮತ್‌ಬೀ ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು. ಅದನ್ನು ನೋಡುತ್ತಾ ಬೆಳೆದ ಮಗಳು ರುಹೀನಾ ಕಿವಿ ಪರೀಕ್ಷೆಯ ಕೋರ್ಸನ್ನೇ ಓದಿ, ಚನ್ನಗಿರಿಯ ಒಂದು ಟ್ರಸ್ಟ್ ಆಸ್ಪತ್ರೆ ಸೇರಿದಳು. ಹಳ್ಳಿಗಳಿಗೇ ಹೋಗಿ ಪರೀಕ್ಷೆ ಮಾಡುವ ವ್ಯಾನಿನ ನಕ್ಷೆ ಬರೆದವಳು, ದಾನಿಗಳನ್ನು ಒಪ್ಪಿಸಿದವಳು ಅವಳೇ.

ವ್ಯಾನು ಬಂದ ವಾರ ಟ್ರಸ್ಟಿನ ಕಾರ್ಯದರ್ಶಿ ಗುರುಬಸವರಾಜ್ ಅವಳನ್ನು ಕರೆಸಿದರು.

"ಇದನ್ನ ಸತೀಶ್ ಕುಮಾರ್ ನೋಡ್ಕೊಳ್ಳಲಿ ಅಂತ ತೀರ್ಮಾನ ಆಗೈತೆ. ಹಳ್ಳಿ ತಿರುಗಾಕೆ ನಿಮಗ್ಯಾಕೆ ತೊಂದ್ರೆ? ಅವರಿಗೆ ಎಲ್ಲಾ ಹೇಳಿಕೊಡ್ರಿ."

"ತೊಂದ್ರೆ ಅಂತ ನಾನು ಯಾವಾಗ ಅಂದೆ ಸಾರ್?"

ಅವರು ಫೋನು ಕೈಗೆತ್ತಿಕೊಂಡರು. ಸತೀಶ್ ಕುಮಾರ್ ಟ್ರಸ್ಟ್ ಅಧ್ಯಕ್ಷರ ಅಳಿಯ.

ಉದ್ಘಾಟನೆ ಬಸವಾಪಟ್ಟಣದಲ್ಲಿ. ನಿರೂಪಕ ಸತೀಶನನ್ನು "ಈ ಯೋಜನೆಯ ರೂವಾರಿ" ಎಂದು ಪರಿಚಯಿಸಿ, ಹಾರ ಹಾಕಲು ರುಹೀನಾಳನ್ನು ಕರೆದ. ಅವಳು ವೇದಿಕೆ ಹತ್ತಿ, ಹಾರವನ್ನು ಮೇಜಿನ ಮೇಲಿಟ್ಟು ಮೈಕಿನ ಮುಂದೆ ನಿಂತಳು.

"ಈ ವ್ಯಾನಿನ ಯೋಜನೆ ಮಾಡಿದ್ದು ನಾನು. ನನ್ನನ್ನ ಒಂದು ಮಾತೂ ಕೇಳದೆ ಬೇರೆಯವರಿಗೆ ಕೊಟ್ಟಿದ್ದಾರೆ. ವ್ಯಾನು ಚೆನ್ನಾಗೈತೆ, ಎಲ್ರೂ ಪರೀಕ್ಷೆ ಮಾಡಿಸ್ಕೊಳ್ರಿ. ಹಾರ ಮಾತ್ರ ನಾನು ಹಾಕಾಕಿಲ್ಲ."

ಹಿಂದಿನ ಸಾಲಿನ ಹೆಂಗಸೊಬ್ಬಳು ಚಪ್ಪಾಳೆ ತಟ್ಟಿದಳು. ಸತೀಶ ತಲೆ ತಗ್ಗಿಸಿದ.

ಕ್ಷಮೆ ಕೇಳಿದರೆ ಕೆಲಸದಲ್ಲಿ ಉಳಿಸಿಕೊಳ್ಳುತ್ತೇವೆ ಎಂದು ಮರುದಿನ ಗುರುಬಸವರಾಜ್ ಹೇಳಿದರು. ರುಹೀನಾ ಕೆಲಸವನ್ನೇ ಬಿಟ್ಟಳು.

ಮನೆಗೆ ಬಂದು ಸಿಟ್ಟು ಇಳಿದ ಮೇಲೆ ಅಳು ಬಂತು. ವ್ಯಾನು ಅವರ ಬೀದಿಯಲ್ಲೇ ಹಾದುಹೋಗುತ್ತಿತ್ತು. ಅದರ ಮೆಟ್ಟಿಲು ಮುದುಕಿಯರ ಕಾಲಿಗೆ ಸಿಗುವಷ್ಟು ತಗ್ಗಿರಲಿ ಎಂದು ಗ್ಯಾರೇಜಿನವರ ಜೊತೆ ಜಗಳವಾಡಿದ್ದು ನೆನಪಾಗಿ, ಎದ್ದು ಕಿಟಕಿ ಮುಚ್ಚುವಳು. ಒಂದು ದಿನ ರಹಮತ್‌ಬೀ ಆ ಕಿಟಕಿಯನ್ನು ಪೂರ್ತಿ ತೆರೆದಿಟ್ಟಳು.

"ನಾನು ಮನೇಲಿ ಮುದುರಿ ಕೂತಿದ್ದು ಸಾಲದಾ? ನೀನೂ ಕೂರ್ತೀಯಾ?"

ರುಹೀನಾಳ ಅಣ್ಣ ಖಲೀಲನದು ಹಾಸಿಗೆ ಅಂಗಡಿ. ಹಿಂದಿನ ಕೋಣೆಯಲ್ಲಿ ಹತ್ತಿಯ ಹಾಸಿಗೆಗಳನ್ನು ಸೂರಿನವರೆಗೆ ಒಟ್ಟಿದ್ದ. ಒಳಗೆ ಹೋಗಿ ನಿಂತರೆ ಬಸ್ಸಿನ ಹಾರ್ನ್ ಕೂಡ ಕೇಳದು. ಕಿವಿ ಪರೀಕ್ಷೆಗೆ ಬೇಕಾದದ್ದು ಅಂಥದೇ ನಿಶ್ಶಬ್ದ. ನಡುವೆ ಎರಡು ಕುರ್ಚಿ ಹಾಕಿ, ಗೆಳತಿಯಿಂದ ಹಳೆಯ ಯಂತ್ರ ತಂದು ರುಹೀನಾ ಶುರುಮಾಡಿಯೇಬಿಟ್ಟಳು. ಬಸವಾಪಟ್ಟಣದಲ್ಲಿ ಅವಳ ಮಾತು ಕೇಳಿದ್ದ ಹೆಂಗಸರು ಅತ್ತೆಯರನ್ನು ಬಸ್ಸು ಹತ್ತಿಸಿಕೊಂಡು ಬಂದರು.

ಉಬ್ರಾಣಿಯ ದ್ಯಾಮಮ್ಮಜ್ಜಿಯನ್ನು ಕೂರಿಸಿದ್ದಾಗ ಗುರುಬಸವರಾಜರ ಫೋನು ಬಂತು.

"ವಾರಕ್ಕೊಂದು ದಿನ ಬಂದು ಸತೀಶ್‌ಗೆ ಸಹಾಯ ಮಾಡ್ರಿ."

"ಯೋಜನೆ ನನ್ನ ಕೈಗೆ ಕೊಡ್ತೀರಾ?"

"ಅದು ಆಗಾಕಿಲ್ಲ."

"ಹಂಗಾದ್ರೆ ನಾನೂ ಬರಾಕಿಲ್ಲ ಸಾರ್. ಇಲ್ಲಿ ಜನ ಕಾಯ್ತಾ ಅದಾರೆ."

ಫೋನು ಇಟ್ಟು, ಅಜ್ಜಿಯ ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದ ಕೂಡಲೇ ಕೈ ಎತ್ತುವಂತೆ ಸನ್ನೆ ಮಾಡಿದಳು.